ಡೊಂಕು ಸಸಿಗೆ ಆಸರೆ: ಎಷ್ಟು, ಎಷ್ಟು ಕಾಲ?



'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂಬ ಗಾದೆಯನ್ನು ಮಕ್ಕಳಿಗೆ ಬುದ್ಧಿ ಹೇಳುವಾಗ ನೆನೆಯುವುದು ವಾಡಿಕೆ. ಗಿಡದ ವಿಷಯದಲ್ಲಿ ಮಾತ್ರ ಅದು ಮರೆತುಹೋಗುತ್ತದೆ. 1950ರಲ್ಲಿ ಅಂದಿನ ಕೇಂದ್ರ ಕೃಷಿ ಸಚಿವ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಪ್ರತಿ ಮಳೆಗಾಲದಲ್ಲಿಯೂ ಸಸಿಗಳನ್ನು ನೆಡಲಾಗುತ್ತಿದೆ. ನೆಟ್ಟ ಸಸಿಗೆ ಗೂಟ ಕಟ್ಟುವವರು ಅನೇಕರು. ಸಕಾಲದಲ್ಲಿ ಆ ಕಟ್ಟನ್ನು ಬಿಚ್ಚುವವರು ವಿರಳ. ಡೊಂಕನ್ನು ತಿದ್ದಲೆಂದು ಬಿಗಿದ ಹಗ್ಗವೇ ಸಸಿಗೆ ಉರುಳಾಗುವುದುಂಟು.

ಹೊಳೆದಾಸವಾಳವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬೇಸಗೆಯಲ್ಲಿ ನೇರಳೆ ಬಣ್ಣದ ಹೂಗೊಂಚಲು ಬಿಡುವ ಈ ಮರಕ್ಕೆ ಮರಾಠಿಯಲ್ಲಿ ತಾಮ್ಹಣ ಎಂದು ಹೆಸರು. ಅದು ಮಹಾರಾಷ್ಟ್ರದ ರಾಜ್ಯಪುಷ್ಪವೂ ಹೌದು. ಇಂತಹ ಸಸಿಯನ್ನು ಎತ್ತರದ ಕಟ್ಟಡದ ಮಗ್ಗುಲಲ್ಲಿ ನೆಟ್ಟರೆ ಅದು ಬೆಳಕಿನತ್ತ ಬಾಗುತ್ತದೆ. ಆಕ್ಸಿನ್ ಎಂಬ ಹಾರ್ಮೋನು ಚಿಗುರಿನ ನೆರಳಿನ ಬದಿಯಲ್ಲಿ ಹೆಚ್ಚಾಗಿ ಸೇರುವುದರಿಂದ ಆ ಬದಿಯ ಜೀವಕೋಶಗಳು ಹೆಚ್ಚು ಉದ್ದವಾಗುವುದೇ ಇದಕ್ಕೆ ಕಾರಣ. ಒಂದೇ ದಿಕ್ಕಿನ ಗಾಳಿ, ಸಸ್ಯಕ್ಷೇತ್ರದಲ್ಲಿನ ಒತ್ತೊತ್ತಾದ ಬೆಳವಣಿಗೆ ಇವೂ ಡೊಂಕಿಗೆ ಕಾರಣಗಳಾಗಬಲ್ಲವು.

ಚಿಕಿತ್ಸೆಗೆ ಮೊದಲು ಪರೀಕ್ಷೆ ಅಗತ್ಯ. ಕಾಂಡವನ್ನು ಹಿಡಿದು ಮೆಲ್ಲಗೆ ಅಲುಗಾಡಿಸಿದಾಗ ಬುಡದ ಮಣ್ಣೂ ಅಲುಗಿದರೆ ದೋಷವಿರುವುದು ಬೇರಿನ ಹಿಡಿತದಲ್ಲಿ. ಆಗ ಬುಡದ ಮಣ್ಣನ್ನು ಸಡಿಲಿಸಿ, ಬೇರಿನ ಮುದ್ದೆಯನ್ನು ನೇರವಾಗಿ ಕೂರಿಸಿ, ಮಣ್ಣನ್ನು ಅದುಮಿ ನೀರುಣಿಸಬೇಕು. ಬುಡ ಭದ್ರವಾಗಿದ್ದು ಕಾಂಡ ಮಾತ್ರ ಬಾಗಿದ್ದರೆ ಆಸರೆ ನೀಡಬೇಕು.

ಬೇರಿನ ಮುದ್ದೆಗೆ ತಾಗದಂತೆ ಇಕ್ಕೆಲಗಳಲ್ಲಿ ಎರಡು ಗೂಟಗಳನ್ನು ನೆಡಬೇಕು. ಕಾಂಡವನ್ನು ಬೆರಳುಗಳಲ್ಲಿ ಹಿಡಿದು, ಕೈಯನ್ನು ಕೆಳಗಿನಿಂದ ಮೇಲಕ್ಕೆ ಸರಿಸುತ್ತ ಹೋದರೆ, ಒಂದು ಎತ್ತರದಲ್ಲಿ ತುದಿ ನೆಟ್ಟಗೆ ನಿಲ್ಲುತ್ತದೆ. ಅದಕ್ಕಿಂತ ಸುಮಾರು 15 ಸೆಂಟಿಮೀಟರ್ ಮೇಲೆ ಕಟ್ಟಿದರೆ ಸಾಕು. ತಂತಿ ಅಥವಾ ಪ್ಲಾಸ್ಟಿಕ್ ದಾರ ಸಲ್ಲದು. ಅಗಲವಾದ ಬಟ್ಟೆಯ ಪಟ್ಟಿ ಅಥವಾ ಹಳೆಯ ಸೈಕಲ್ ಟ್ಯೂಬು ಉತ್ತಮ. ಡೊಂಕು ಹೆಚ್ಚಾಗಿದ್ದರೆ ಕಾಂಡದ ಉದ್ದಕ್ಕೂ ಬಿದಿರಿನ ದಬ್ಬೆಯೊಂದನ್ನು ಎರಡು ಮೂರು ಕಡೆ ಕಟ್ಟಿ, ಕೆಲವು ವಾರಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವಾಗಿ ನೇರಕ್ಕೆ ತರಬೇಕು. ಒಮ್ಮೆಲೇ ಎಳೆದರೆ ಕಾಂಡ ಸೀಳೀತು.

ಕಟ್ಟು ಸಡಿಲವಾಗಿರಬೇಕೆನ್ನುವುದಕ್ಕೆ ಎರಡು ಕಾರಣಗಳಿವೆ. ಗಾಳಿಗೆ ತೂಗಾಡುವುದರಿಂದಲೇ ಕಾಂಡದ ಬುಡ ದಪ್ಪವಾಗಿ ಬಲಗೊಳ್ಳುತ್ತದೆ; ಅಲುಗದಂತೆ ಬಿಗಿದ ಸಸಿ ಎತ್ತರಕ್ಕೆ ಬೆಳೆದರೂ ಗೂಟ ತೆಗೆದೊಡನೆ ಬಾಗುತ್ತದೆ. ಎರಡನೆಯದಾಗಿ, ಎಲೆಗಳು ತಯಾರಿಸಿದ ಆಹಾರ ತೊಗಟೆಯ ಮೂಲಕ ಬೇರಿಗೆ ಇಳಿಯುತ್ತದೆ. ಕಾಂಡ ದಪ್ಪವಾದಂತೆ ಬಿಗಿದ ಕಟ್ಟು ತೊಗಟೆಯೊಳಗೆ ಹೂತು ಆ ದಾರಿಯನ್ನು ಮುಚ್ಚಿ, ಬೇರು ಉಪವಾಸ ಬೀಳುತ್ತದೆ. ಆದುದರಿಂದ ತಿಂಗಳಿಗೊಮ್ಮೆ ಕಟ್ಟನ್ನು ಪರೀಕ್ಷಿಸಬೇಕು. ಸಾಮಾನ್ಯವಾಗಿ ಒಂದು ವರ್ಷದೊಳಗೆ ಅದನ್ನು ತೆಗೆದುಬಿಡಬೇಕು. ಕಾಂಡದ ಕೆಳಭಾಗದ ಸಣ್ಣ ರೆಂಬೆಗಳನ್ನು ಅವಸರದಿಂದ ಕತ್ತರಿಸಬಾರದು. ಕಾಂಡ ಪುಷ್ಟವಾಗಲು ಅವು ನೆರವಾಗುತ್ತವೆ.

ಕಾಂಡ ಮುಂಗೈ ಗಾತ್ರಕ್ಕೆ ಬಲಿತಿದ್ದರೆ ಬಲಪ್ರಯೋಗ ಬೇಡ. ಸಣ್ಣ ಡೊಂಕು, ವರ್ಷ ಕಳೆದಂತೆ ಕಾಂಡ ದಪ್ಪವಾಗುತ್ತ ಬಂದಾಗ ಎದ್ದು ಕಾಣದಾಗುತ್ತದೆ.

ಆಸರೆಯ ಸಾರ್ಥಕತೆ, ಅದು ಬೇಡವಾಗುವುದರಲ್ಲಿದೆ. ಮುಂದಿನ ವನಮಹೋತ್ಸವದಂದು ಹೊಸ ಸಸಿಗಳಿಗೆ ಗುಂಡಿ ತೋಡುವ ಮುನ್ನ, ಕಳೆದ ವರ್ಷ ನೆಟ್ಟ ಸಸಿಗಳ ಕಟ್ಟುಗಳನ್ನು ಬಿಚ್ಚುವ ಕಾರ್ಯ ಪ್ರತಿಯೊಂದು ವಸತಿ ಸಂಕೀರ್ಣದಲ್ಲಿಯೂ ನಡೆಯಲಿ.