ಮನೆಯಲ್ಲೇ ಪಾಠ: ಈ ನಾಡಿನ ಕಾನೂನು, ನಮ್ಮ ಅನುಭವ

(ಸಂಘದ ಸ್ಥಾಪನಾ ದಿನಾಚರಣೆಯ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಸಮಾರಂಭಗಳಲ್ಲಿ ಡಾಕ್ಟರರನ್ನು ಮಾತಿಗೆ ಕರೆದರೆ ಸಕ್ಕರೆ ಕಾಯಿಲೆಯ ಬಗ್ಗೆಯೋ ರಕ್ತದೊತ್ತಡದ ಬಗ್ಗೆಯೋ ಮಾತಾಡುವುದು ವಾಡಿಕೆ. ಆಚೆ ಕೋಣೆಯಲ್ಲಿ ಹೋಳಿಗೆ ಸಿದ್ಧವಾಗಿರುವಾಗ ಸಕ್ಕರೆ ಕಾಯಿಲೆಯ ಮಾತೆತ್ತುವ ಪಾಪವನ್ನು ನಾನು ಕಟ್ಟಿಕೊಳ್ಳುವುದಿಲ್ಲ. ಅದರ ಬದಲು, ಕೊರೋನಾ ಕಾಲದಿಂದೀಚೆಗೆ ನಮ್ಮವರು ನನ್ನನ್ನು ಮತ್ತೆ ಮತ್ತೆ ಕೇಳುತ್ತಿರುವ ಒಂದು ಪ್ರಶ್ನೆಗೆ ಇಂದು ಎಲ್ಲರ ಮುಂದೆ ಉತ್ತರ ಹೇಳಬೇಕೆಂದಿದ್ದೇನೆ. "ಡಾಕ್ಟರೇ, ಈ ದೇಶದಲ್ಲಿ ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸಬಹುದೇ?" ಎಂಬುದೇ ಆ ಪ್ರಶ್ನೆ. ಇದನ್ನು ನನ್ನಲ್ಲೇ ಕೇಳುವುದಕ್ಕೆ ಕಾರಣವಿದೆ. ಸುಮಾರು ಎರಡು ವರ್ಷ ನಾವು ಹಾಗೆ ಓದಿಸಿದವರು. ಆರಂಭದಲ್ಲಿ ತಪ್ಪು ಮಾಡಿಯೂ ಓದಿಸಿದವರು.

ನಾನು ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್., ರೆಸಿಡೆನ್ಸಿ ಮುಗಿಸಿ 2011ರಲ್ಲಿ ಐರ್ಲೆಂಡಿಗೆ ಬಂದೆ. ಆಗ ಮಗಳಿಗೆ ಮೂರು ವರ್ಷ. ಇಲ್ಲಿನ ಕಿರಿಯ ಡಾಕ್ಟರರ ಬದುಕು ನಿಮಗೆ ಗೊತ್ತೇ ಇದೆ. ಜನವರಿ ಬಂತೆಂದರೆ ಒಂದು ಆಸ್ಪತ್ರೆ, ಜುಲೈ ಬಂತೆಂದರೆ ಇನ್ನೊಂದು. ಸೂಟ್‌ಕೇಸುಗಳ ಜೊತೆ ಮಗಳೂ ಊರೂರು ಅಲೆದಳು. ಏಳು ವರ್ಷ ತುಂಬುವಷ್ಟರಲ್ಲಿ ಮೂರು ಶಾಲೆಗಳನ್ನು ಕಂಡಿದ್ದಳು. ಮೂರನೆಯ ಶಾಲೆಯಲ್ಲಿ ಮಾತೇ ನಿಂತುಹೋಯಿತು. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ ತರಗತಿಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ದಿನಾ ಬೆಳಿಗ್ಗೆ ಹೊಟ್ಟೆನೋವು. ನಾನೇ ಹೊಟ್ಟೆ ಮುಟ್ಟಿ ನೋಡಿದೆ. ನೋವು ಹೊಟ್ಟೆಯದಲ್ಲ ಎಂದು ತಿಳಿಯಲು ಡಾಕ್ಟರಾದ ನನಗೇ ಎರಡು ತಿಂಗಳು ಹಿಡಿಯಿತು.

2015ರ ನವೆಂಬರಿನಲ್ಲಿ ನಾವು ಅವಳನ್ನು ಶಾಲೆಗೆ ಕಳಿಸುವುದನ್ನು ನಿಲ್ಲಿಸಿದೆವು. ನಮ್ಮ ಮನೆಯವರು ಕೆಲಸ ಬಿಟ್ಟು ಮನೆಯಲ್ಲೇ ಪಾಠ ಹೇಳತೊಡಗಿದರು. ಯಾರನ್ನೂ ಕೇಳಲಿಲ್ಲ, ಯಾರಿಗೂ ತಿಳಿಸಲಿಲ್ಲ. ನಮ್ಮ ಮಗು, ನಮ್ಮ ಮನೆ, ಕೇಳುವವರು ಯಾರು ಎಂಬ ಭಾವನೆ. ಕೇಳುವವರು ಇದ್ದರು. ಮಗು ಒಂದು ವರ್ಷದಲ್ಲಿ ಒಟ್ಟು 20 ದಿನ ತಪ್ಪಿಸಿಕೊಂಡರೆ ಶಾಲೆಯು ಸರ್ಕಾರಕ್ಕೆ ವರದಿ ಮಾಡಲೇಬೇಕೆಂಬ ನಿಯಮ ಇಲ್ಲಿದೆ. ಮದುವೆ, ಜಾತ್ರೆ ಎಂದು ಶಾಲೆಯ ದಿನಗಳಲ್ಲೇ ತಿಂಗಳುಗಟ್ಟಲೆ ಊರಿಗೆ ಹೋಗುವವರೂ ಇದನ್ನು ನೆನಪಿಡುವುದು ಒಳ್ಳೆಯದು. ಒಂದು ದಿನ ಟುಸ್ಲಾದಿಂದ ಪತ್ರ ಬಂತು.

ಟುಸ್ಲಾ ಎಂದರೆ ಮಕ್ಕಳ ಮತ್ತು ಕುಟುಂಬಗಳ ಇಲಾಖೆ. 2014ರ ಜನವರಿಯಿಂದ ಕೆಲಸ ಮಾಡುತ್ತಿದೆ. ಮಕ್ಕಳ ರಕ್ಷಣೆಯ ಕೆಲಸವೂ ಅದರದೇ ಆದ್ದರಿಂದ ಆ ಹೆಸರು ಕೇಳಿದರೇ ನಮ್ಮವರ ಎದೆ ಝಲ್ಲೆನ್ನುತ್ತದೆ. ನನಗೂ ಅಂದು ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಫೋನ್ ಮಾಡಿದಾಗ ಆಚೆಯಿಂದ ಬಂದದ್ದು ಬಹಳ ಸೌಮ್ಯವಾದ ದನಿ: "ನೀವು ಮಾಡುತ್ತಿರುವುದು ನಿಮ್ಮ ಹಕ್ಕು. ಆದರೆ ನೋಂದಾಯಿಸಿಕೊಳ್ಳದೆ ಮಾಡುವಂತಿಲ್ಲ."

ಈ ಎರಡು ವಾಕ್ಯಗಳಲ್ಲಿ ಇಲ್ಲಿನ ಕಾನೂನೆಲ್ಲ ಅಡಗಿದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಹಕ್ಕಿನ ಮಾತು. ಐರ್ಲೆಂಡಿನ 1937ರ ಸಂವಿಧಾನದ 42ನೆಯ ವಿಧಿಯು ಮಗುವಿನ ಮೊದಲ ಮತ್ತು ಸಹಜ ಶಿಕ್ಷಕ ಕುಟುಂಬವೇ ಎಂದು ಒಪ್ಪಿಕೊಳ್ಳುತ್ತದೆ. ತಂದೆತಾಯಿಗಳು ಮಗುವಿಗೆ ಮನೆಯಲ್ಲಾಗಲಿ, ಖಾಸಗಿ ಶಾಲೆಯಲ್ಲಾಗಲಿ, ಸರ್ಕಾರ ಮನ್ನಿಸಿದ ಶಾಲೆಯಲ್ಲಾಗಲಿ ವಿದ್ಯೆ ಕೊಡಿಸಲು ಸ್ವತಂತ್ರರು. ಈ ಮಾತಿನ ಹಿಂದೆ ಒಂದು ಚರಿತ್ರೆಯಿದೆ. 1695ರ ಕಾನೂನೊಂದು ಇಲ್ಲಿನ ಕ್ಯಾಥೊಲಿಕರು ಶಾಲೆ ನಡೆಸುವುದನ್ನೇ ನಿಷೇಧಿಸಿತ್ತು. ಆಗ ಬೇಲಿಯ ಮರೆಯಲ್ಲಿ, ಕೊಟ್ಟಿಗೆಗಳಲ್ಲಿ ಗುಟ್ಟಾಗಿ ಪಾಠ ನಡೆಯುತ್ತಿತ್ತು. ಬೇಲಿ ಶಾಲೆಗಳೆಂದೇ ಅವಕ್ಕೆ ಹೆಸರು. ಮಕ್ಕಳ ಮನೆಯವರು ಕೈಲಾದದ್ದನ್ನು ಕೊಟ್ಟು ಮೇಷ್ಟರನ್ನು ಸಾಕುತ್ತಿದ್ದರು. ನಮ್ಮ ಕೂಲಿಮಠಗಳಲ್ಲಿ ಐಗಳು ಕಾಳುಕಡಿ ಪಡೆದು ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದುದು ನೆನಪಾಗುವುದಿಲ್ಲವೇ? ಅಂಥ ಕಾಲವನ್ನು ಕಂಡ ಜನ, ಮಕ್ಕಳ ವಿದ್ಯೆಯನ್ನು ಸಂಪೂರ್ಣವಾಗಿ ಸರ್ಕಾರದ ಕೈಗೆ ಒಪ್ಪಿಸಲು ಹಿಂಜರಿದರೆ ಆಶ್ಚರ್ಯವೇನಿಲ್ಲ.

ಎರಡನೆಯದು ಕಟ್ಟುಪಾಡಿನ ಮಾತು. ಅದೇ 42ನೆಯ ವಿಧಿಯು ಪ್ರತಿಯೊಂದು ಮಗುವಿಗೂ ನೈತಿಕ, ಬೌದ್ಧಿಕ, ಸಾಮಾಜಿಕವಾದ ಒಂದು ಕನಿಷ್ಠ ಶಿಕ್ಷಣ ಸಿಗುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಹಕ್ಕು ಎಲ್ಲಿಯವರೆಗೆ, ಹೊಣೆ ಎಲ್ಲಿಂದ ಎಂಬ ಜಗ್ಗಾಟ ಹಿಂದಿನಿಂದಲೂ ನಡೆದಿದೆ. ಶಾಲೆಯ ಹೊರಗೆ ಮಗು ಯಾವ ಶಿಕ್ಷಣವನ್ನು ಯಾವ ರೀತಿಯಲ್ಲಿ ಪಡೆಯಬೇಕೆಂಬುದನ್ನು ಮಂತ್ರಿಗಳೇ ನಿರ್ಧರಿಸುವಂತೆ 1942ರ ಮಸೂದೆಯೊಂದು ಹೇಳಿತ್ತು. 1943ರಲ್ಲಿ ಸುಪ್ರೀಂ ಕೋರ್ಟು ಅದು ಸಂವಿಧಾನಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ಕರ್ನಾಟಕದಲ್ಲೂ ಮಗು ಪ್ರಾಥಮಿಕ ಹಂತದಲ್ಲಿ ಯಾವ ಮಾಧ್ಯಮದಲ್ಲಿ ಓದಬೇಕೆಂಬ ವಿಷಯ ಭಾರತದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, ಅದು ತಂದೆತಾಯಿಗಳ ಆಯ್ಕೆ ಎಂದು 2014ರಲ್ಲಿ ತೀರ್ಪಾಯಿತು. ಆ ತೀರ್ಪಿನಿಂದ ನೊಂದ ಕನ್ನಡಿಗರು ಬಹಳ ಮಂದಿ. ಹಾಗಿದ್ದೂ ಇಲ್ಲಿ ನಾವು ಅದೇ ತತ್ತ್ವದ ನೆರಳಿನಲ್ಲಿ ನಿಂತು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೇವೆ ಎಂಬುದನ್ನೂ ಮರೆಯಬಾರದು.

ಈಗ ಜಾರಿಯಲ್ಲಿರುವುದು 2000ದ ಶಿಕ್ಷಣ ಕಲ್ಯಾಣ ಕಾಯ್ದೆ. ಅದರ ಪ್ರಕಾರ 6ರಿಂದ 16 ವರ್ಷದವರೆಗೆ, ಅಥವಾ ಹೈಸ್ಕೂಲಿನ ಮೂರು ವರ್ಷ ಮುಗಿಯುವವರೆಗೆ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಶಿಕ್ಷಣ ಕಡ್ಡಾಯ. ಮನೆಯಲ್ಲಿ ಕಲಿಯುವ ಮಗುವಿನ ಹೆಸರನ್ನು 14ನೆಯ ಕಲಮಿನಂತೆ ನೋಂದಾಯಿಸಬೇಕು. ಆ ದಾಖಲೆ ಪುಸ್ತಕ ಟುಸ್ಲಾದಲ್ಲಿದೆ. ಅರ್ಜಿ ಹಾಕಿದ ಮೇಲೆ ಒಬ್ಬ ಅಧಿಕಾರಿ ತಂದೆತಾಯಿಗಳೊಡನೆ ಮಾತಾಡುತ್ತಾರೆ. ಏನು ಕಲಿಸುತ್ತೀರಿ, ಯಾವ ಪುಸ್ತಕ, ದಿನಕ್ಕೆ ಎಷ್ಟು ಹೊತ್ತು ಎಂದು ವಿಚಾರಿಸುತ್ತಾರೆ. ಅಷ್ಟರಿಂದ ನಿರ್ಧಾರಕ್ಕೆ ಬರಲಾಗದಿದ್ದರೆ ಮಾತ್ರ ವಿವರವಾದ ಪರೀಕ್ಷೆ. ಆಗ ನಿಮ್ಮ ಒಪ್ಪಿಗೆಯ ಮೇಲೆ ಮನೆಗೆ ಬಂದು ಪಾಠ ನಡೆಯುವುದನ್ನು ನೋಡುತ್ತಾರೆ, ಮಗುವಿನ ಬೆಳವಣಿಗೆಯನ್ನೂ ಗಮನಿಸುತ್ತಾರೆ. ನೋಂದಣಿ ನಿರಾಕರಿಸಿದರೆ 21 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲೂ ಸೋತರೆ ಮಗು ಶಾಲೆಗೆ ಹೋಗಲೇಬೇಕು. ತಪ್ಪಿದವರಿಗೆ ದಂಡ, ಜೈಲು ಶಿಕ್ಷೆ ಕೂಡ ಕಾನೂನಿನಲ್ಲಿ ಉಂಟು.

ಕಲಿಸುವವರಿಗೆ ಟೀಚರ್ ತರಬೇತಿ ಆಗಿರಬೇಕಿಲ್ಲ. ಸರ್ಕಾರದ ಪಠ್ಯಕ್ರಮವನ್ನೇ ಹಿಡಿಯಬೇಕೆಂದಿಲ್ಲ. ಹಾಗೆಯೇ ಸರ್ಕಾರದಿಂದ ಹಣವೂ ಇಲ್ಲ. ಇನ್ನೊಂದು ಮುಖ್ಯ ಮಾತು: ನೋಂದಣಿ ಆಗಿದೆಯೆಂದು ಟುಸ್ಲಾ ತಿಳಿಸುವವರೆಗೆ ಶಾಲೆಯು ಮಗುವಿನ ಹೆಸರನ್ನು ಹಾಜರಿಯಿಂದ ತೆಗೆಯುವಂತಿಲ್ಲ. ಆದ್ದರಿಂದ ಮೊದಲು ಅರ್ಜಿ, ಆಮೇಲೆ ಶಾಲೆ ಬಿಡಿಸುವುದು. ನಾವು ಮಾಡಿದ್ದು ತಲೆಕೆಳಗು.

ದೊಡ್ಡ ಮಕ್ಕಳ ಪರೀಕ್ಷೆಯ ಚಿಂತೆಯೂ ಉಂಟು. ಮನೆಯಲ್ಲಿ ಓದಿದವರು ಬಾಹ್ಯ ಅಭ್ಯರ್ಥಿಗಳಾಗಿ ಲೀವಿಂಗ್ ಸರ್ಟಿಫಿಕೇಟ್ ಪರೀಕ್ಷೆಗೆ ಕೂರಬಹುದು. 2020ರಲ್ಲಿ ಕೊರೋನಾದಿಂದ ಪರೀಕ್ಷೆ ನಡೆಯದೆ, ಶಿಕ್ಷಕರೇ ಅಂಕ ಅಂದಾಜು ಮಾಡುವ ಏರ್ಪಾಡಾಯಿತು. ಮೇಯೊ ಕೌಂಟಿಯ ಒಬ್ಬ ಹುಡುಗನಿಗೆ ತಾಯಿಯೇ ಶಿಕ್ಷಕಿ. ಆದ್ದರಿಂದ ಅಂಕ ಕೊಡಲಾಗದೆಂದು ಅವನನ್ನು ಹೊರಗಿಟ್ಟರು. ಅವನು ಹೈಕೋರ್ಟಿಗೆ ಹೋಗಿ ಗೆದ್ದ. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಅವನ ಪಕ್ಷವನ್ನೇ ಎತ್ತಿಹಿಡಿಯಿತು. ಮನೆಪಾಠ ಸಂವಿಧಾನ ಕೊಟ್ಟ ಹಕ್ಕು, ವ್ಯವಸ್ಥೆ ರೂಪಿಸುವಾಗ ಅದನ್ನು ಮರೆಯುವಂತಿಲ್ಲ ಎಂಬುದು ಅದರ ಸಾರ.

ಗಡಿ ದಾಟಿದರೆ ಮಾತ್ರ ಇದೆಲ್ಲ ಬದಲಾಗುತ್ತದೆ. ಬೆಲ್‌ಫಾಸ್ಟಿಗೆ ಹೋದರೆ ಉತ್ತರ ಐರ್ಲೆಂಡಿನ ಕಾನೂನೇ ಬೇರೆ. ಜರ್ಮನಿಯಲ್ಲಿ ಶಾಲೆಗೆ ಹೋಗುವುದೇ ಕಡ್ಡಾಯ, ಮನೆಪಾಠ ಅದಕ್ಕೆ ಬದಲಾಗುವುದಿಲ್ಲ. ಅದು ಸರಿಯೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ 2006ರಲ್ಲಿ ಹೇಳಿದೆ. ಊರಿಗೆ ಮರಳುವವರು ನಮ್ಮಲ್ಲಿ 6ರಿಂದ 14 ವರ್ಷದ ಮಕ್ಕಳಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇರುವುದನ್ನು ಗಮನಿಸಬೇಕು. ಶಾಲೆಗೆ ಹೋಗದೆ ಹತ್ತನೆಯ ತರಗತಿ ಮುಗಿಸಲು ರಾಷ್ಟ್ರೀಯ ಮುಕ್ತ ಶಾಲೆಯ ಪರೀಕ್ಷೆ ಒಂದು ದಾರಿ.

ಡಾಕ್ಟರಾಗಿ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಇಲ್ಲಿ ದಡಾರದ ಎರಡನೆಯ ಲಸಿಕೆಯನ್ನು ಜೂನಿಯರ್ ಇನ್‌ಫೆಂಟ್ಸ್ ತರಗತಿಯಲ್ಲಿ, ಎಚ್.ಪಿ.ವಿ. ಲಸಿಕೆಯನ್ನು ಹೈಸ್ಕೂಲಿನ ಮೊದಲ ವರ್ಷದಲ್ಲಿ ಕೊಡುತ್ತಾರೆ. ಕಣ್ಣು, ಕಿವಿಯ ತಪಾಸಣೆಯೂ ಶಾಲೆಯ ಮೂಲಕವೇ. ಮನೆಯಲ್ಲಿ ಕಲಿಯುವ ಮಗುವಿಗೂ ಇವುಗಳ ಹಕ್ಕಿದೆ. ಆದರೆ ಎಚ್.ಎಸ್.ಇ. ಕಚೇರಿಗೆ ಫೋನ್ ಮಾಡಿ ಕೇಳಿಕೊಳ್ಳುವವರು ನೀವೇ ಆಗಬೇಕು. ಶಾಲೆಯ ಜೊತೆ ಲಸಿಕೆಯೂ ತಪ್ಪಿಹೋಗದಿರಲಿ.

ಇನ್ನು ನಮ್ಮ ಕಥೆಗೆ ಬರುತ್ತೇನೆ. ಅರ್ಜಿ ಹಾಕಿದೆವು. ಅಧಿಕಾರಿ ಬರುವ ದಿನ, ನಮ್ಮೂರ ಶಾಲೆಗೆ ಇನ್‌ಸ್ಪೆಕ್ಟರರು ಬರುವಾಗ ಆಗುತ್ತಿದ್ದ ಸಡಗರವೇ ಆಯಿತು. ನೋಟುಬುಕ್ಕುಗಳಿಗೆಲ್ಲ ಹೊಸ ರಟ್ಟು, ಗೋಡೆಗೆ ಭೂಪಟ, ಒಂದು ಬದಿಯಲ್ಲಿ ಕನ್ನಡ ವರ್ಣಮಾಲೆ. ಬಂದ ಹೆಂಗಸು ಚಹಾ ಕುಡಿದರು, ಎಲ್ಲವನ್ನೂ ನೋಡಿದರು, ವರ್ಣಮಾಲೆಯ ಮುಂದೆ ನಿಂತು ಅಕ್ಷರಗಳು ಎಷ್ಟು ದುಂಡಗಿವೆ ಎಂದು ಮೆಚ್ಚಿದರು. ಗಣಿತ, ಇಂಗ್ಲಿಷು, ವಿಜ್ಞಾನ ಎಲ್ಲಕ್ಕೂ ನಮ್ಮ ಮನೆಯವರು ಪಟಪಟನೆ ಉತ್ತರ ಕೊಟ್ಟರು. ಕೊನೆಗೆ ಅವರು ಕೇಳಿದರು: "ಇವಳು ಯಾರ ಜೊತೆ ಆಡುತ್ತಾಳೆ?"

ನಮ್ಮಿಬ್ಬರಿಗೂ ಉತ್ತರ ತೋಚಲಿಲ್ಲ.

ಅದೇ ವಾರ ಧಾರವಾಡದಿಂದ ನಮ್ಮ ಅತ್ತೆಯವರ ಫೋನು. "ಹುಡುಗಿಗೆ ಸಾಲಿ ಬಿಡಿಸಿ ಮನ್ಯಾಗ ಕುಂದ್ರಿಸೀರಂತಲ್ಲ? ನನಗೂ ನಾಕನೇತ್ತಕ್ಕ ಹಿಂಗ ಬಿಡಿಸಿದ್ರವಾ. ಮನ್ಯಾಗ ಕಲಿಸ್ತೀವಿ ಅಂತನ ಅಂದಿದ್ರು" ಎಂದರು. ನಾನು ಎಷ್ಟು ಸಮಜಾಯಿಷಿ ಹೇಳಿದರೂ ಆ ಮಾತು ಎದೆಯಲ್ಲಿ ಉಳಿದುಬಿಟ್ಟಿತು. ಸರ್ಕಾರ ಏಕೆ ನಮ್ಮ ಮನೆಯ ಬಾಗಿಲು ತಟ್ಟಬೇಕು ಎಂದು ಅದುವರೆಗೆ ಗೊಣಗುತ್ತಿದ್ದವಳು ನಾನು. ಅರವತ್ತು ವರ್ಷಗಳ ಹಿಂದೆ ಅತ್ತೆಯವರ ಮನೆಯ ಬಾಗಿಲನ್ನು ಯಾರಾದರೂ ಹೀಗೆ ತಟ್ಟಿ, ಈ ಹುಡುಗಿಗೆ ಏನು ಕಲಿಸುತ್ತಿದ್ದೀರಿ ಎಂದು ಕೇಳಿದ್ದರೆ ಅವರ ಬದುಕು ಬೇರೆಯೇ ಆಗುತ್ತಿತ್ತು. ಆ ತಟ್ಟುವಿಕೆ ನಮ್ಮ ಮೇಲಿನ ಅನುಮಾನವಲ್ಲ, ಮಗುವಿನ ಪರವಾದ ಒಂದು ಪ್ರಶ್ನೆ ಎಂದು ಅಂದು ಅರ್ಥವಾಯಿತು.

ನೋಂದಣಿ ಆಯಿತು. ಆಟದ ಪ್ರಶ್ನೆಗೂ ಉತ್ತರ ಹುಡುಕಿದೆವು. ಲೈಬ್ರರಿ, ಈಜು, ಪಕ್ಕದ ಬೀದಿಯ ಮಕ್ಕಳು, ಮನೆಯಲ್ಲೇ ಓದುವ ಐರಿಷ್ ಮಕ್ಕಳ ಸ್ನೇಹ, ತಿಂಗಳಿಗೊಮ್ಮೆ ನಮ್ಮ ಕನ್ನಡ ಬಳಗ. ಮಗಳು ಕನ್ನಡ ಓದಲು ಕಲಿತದ್ದು ಆ ಎರಡು ವರ್ಷಗಳಲ್ಲೇ. ಹೊಟ್ಟೆನೋವು ಯಾವಾಗ ಹೋಯಿತೆಂದು ನಮಗೆ ನೆನಪೇ ಇಲ್ಲ. ಆದರೆ ಬರಿಯ ಲಾಭದ ಲೆಕ್ಕ ಹೇಳಿದರೆ ಮೋಸವಾದೀತು. ಒಂದೇ ಸಂಬಳದಲ್ಲಿ ಸಂಸಾರ ತೂಗಿತು. ನಮ್ಮ ಮನೆಯವರು ಬಿಟ್ಟ ಕೆಲಸ ಮತ್ತೆ ಸಿಗಲು ಬಹಳ ಕಷ್ಟವಾಯಿತು. ನೈಟ್ ಡ್ಯೂಟಿ ಮುಗಿಸಿ ಬಂದವಳು ಮಲಗಬೇಕಾದ ಹೊತ್ತಿಗೆ ಮನೆಯೇ ಶಾಲೆಯಾಗಿರುತ್ತಿತ್ತು. ಅಪ್ಪ ಮಗಳು ಭಾಗಾಕಾರಕ್ಕೆ ಜಗಳವಾಡಿ ಎರಡು ದಿನ ಮಾತು ಬಿಟ್ಟದ್ದೂ ಉಂಟು.

2017ರ ಬೇಸಿಗೆಯಲ್ಲಿ ಒಂದು ಸಂಜೆ ಅವಳೇ ಬಂದು, "ಅವ್ವಾ, ನಾ ಸಾಲಿಗೆ ಹೋಗ್ಲೇನು?" ಎಂದಳು. ಆ ಸೆಪ್ಟೆಂಬರಿನಲ್ಲಿ ಹೊಸ ಶಾಲೆಗೆ ಸೇರಿಸಿದೆವು. ನಮ್ಮ ಅಲೆದಾಟವೂ ಅಷ್ಟರಲ್ಲಿ ನಿಂತಿತ್ತು. ಅತ್ತೆಯವರಿಗೆ ಮೊದಲ ದಿನದ ಯೂನಿಫಾರಮ್ಮಿನ ಫೋಟೋ ಕಳಿಸಿದಾಗ ಅವರು ಏನೂ ಹೇಳಲಿಲ್ಲ. ಅದನ್ನು ದೇವರ ಕೋಣೆಯಲ್ಲಿ ಇಟ್ಟಿದ್ದಾರೆಂದು ಆಮೇಲೆ ತಿಳಿಯಿತು.

ಬಂಧುಗಳೇ, ಮನೆಪಾಠ ಮಾಡಿ ಎಂದೂ ನಾನು ಹೇಳುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. ಶಾಲೆಯ ಮೇಲಿನ ಸಿಟ್ಟಿಗೆ ಮಗುವನ್ನು ಮನೆಯಲ್ಲಿ ಕೂರಿಸಬೇಡಿ. ಮೊದಲು ಶಿಕ್ಷಕರೊಡನೆ ಕೂತು ಮಾತಾಡಿ. ಮಗುವಿನ ಮನಸ್ಸಿಗೆ ಏನಾಗಿದೆಯೆಂದು ಡಾಕ್ಟರರಿಗೆ ತೋರಿಸಿ. ಆಮೇಲೂ ಮನೆಯೇ ಸರಿಯೆನಿಸಿದರೆ ಕಾನೂನಿನ ದಾರಿಯಲ್ಲಿ, ತಲೆಯೆತ್ತಿ ಮಾಡಿ, ಹೆದರಬೇಕಾಗಿಲ್ಲ. ಅರ್ಜಿ ತುಂಬಲು ಸಹಾಯ ಬೇಕಾದವರು ಇಂದು ಊಟದ ಹೊತ್ತಿನಲ್ಲಿ ನನ್ನ ಪಕ್ಕ ಬಂದು ಕೂರಿ.

ಆದರೆ ಬರುವ ಮುಂಚೆ ಆ ಹೆಂಗಸು ನಮ್ಮನ್ನು ಕೇಳಿದ ಪ್ರಶ್ನೆಗೆ ಉತ್ತರ ಯೋಚಿಸಿಕೊಂಡು ಬನ್ನಿ. ಮಗು ಶಾಲೆಗೆ ಹೋಗುತ್ತಿದ್ದರೂ ಸರಿಯೇ, ಅದು ಯಾರ ಜೊತೆ ಆಡುತ್ತದೆ ಎಂದು ಮನೆಯಲ್ಲಿ ಒಮ್ಮೆ ಕೇಳಿ ನೋಡಿ.

 ಹೋಳಿಗೆ ಆರುತ್ತಿದೆ, ನಡೆಯಿರಿ.

ಸಿರಿಗನ್ನಡಂ ಗೆಲ್ಗೆ.