ಕಲ್ಲಿನಲ್ಲಿ ಉಳಿದ ಎಣ್ಣೆ, ಹೊಗೆಗೊಳವೆಯ ಅನಿಲ

(ನಂಗಲಿಯ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸೀಮೆಯಲ್ಲಿ ಕಚ್ಚಾ ಎಣ್ಣೆ ಒಂದು ತೊಟ್ಟೂ ಹುಟ್ಟುವುದಿಲ್ಲ. ನಮ್ಮದು ಚಿನ್ನ ಕೊಟ್ಟ ಗಟ್ಟಿ ಬಂಡೆ. ಎಣ್ಣೆ ಹೀರಿಟ್ಟುಕೊಳ್ಳುವ ಮರಳುಕಲ್ಲಲ್ಲ. ಆದರೂ ಈ ರಸ್ತೆಯಲ್ಲಿ ಆಂಧ್ರದ ಗಡಿ ದಾಟುವ ಲಾರಿಗಳು ಡೀಸೆಲ್ಲಿನ ಮೇಲೆ ಓಡುತ್ತವೆ. ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಹೊರದೇಶಗಳಿಂದ ಬರತಕ್ಕದ್ದು. ಡೀಸೆಲ್ ಏರಿದರೆ ಲಾರಿ ಬಾಡಿಗೆ ಏರುತ್ತದೆ, ಬಾಡಿಗೆ ಏರಿದರೆ ಅಂಗಡಿಯ ಬೇಳೆ ಬೆಲ್ಲ ಏರುತ್ತವೆ; ಗಿರಣಿಯ ಕೂಲಿ ಮಾತ್ರ ಇದ್ದಲ್ಲೇ ಇರುತ್ತದೆ. ಆದುದರಿಂದ ಗುಜರಾತಿನ ಬಾವಿಗಳ ಮಾತನ್ನು ನಂಗಲಿಯಲ್ಲಿ ಆಡುವುದು ಅಸಂಬದ್ಧವೆಂದು ನಾವು ಭಾವಿಸುವುದಿಲ್ಲ.

ಎಣ್ಣೆ ಬಾವಿಯ ಕೆಳಗೆ ಎಣ್ಣೆಯ ಕೆರೆಯೇ ಇದೆಯೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಎಣ್ಣೆ ಅಂಟಿಕೊಂಡಿರುತ್ತದೆ. ಮೊದಲು ಅದು ಒಳಗಿನ ಒತ್ತಡದಿಂದ ಮೇಲೇರುತ್ತದೆ. ಒತ್ತಡ ಕುಗ್ಗಿದಾಗ ನೀರು ತುಂಬಿ ತಳ್ಳುತ್ತಾರೆ. ಇಷ್ಟಾದರೂ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಕಲ್ಲಿನಲ್ಲೇ ಉಳಿಯುತ್ತದೆ. ಗಾಣದಲ್ಲಿ ಕಡಲೆಕಾಯಿ ಎಷ್ಟು ಅರೆದರೂ ಹಿಂಡಿಯಲ್ಲಿ ಎಣ್ಣೆ ಉಳಿಯುವುದಿಲ್ಲವೆ? ಆ ಹಿಂಡಿಯನ್ನು ಕಾರ್ಖಾನೆಯವರು ದ್ರಾವಕದಲ್ಲಿ ನೆನೆಸಿ ಉಳಿದುದನ್ನೂ ತೆಗೆಯುತ್ತಾರೆ. ನೆಲದಡಿಯಲ್ಲಿ ಆ ದ್ರಾವಕದ ಕೆಲಸವನ್ನು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಗೋಲಿ ಸೋಡಾದಲ್ಲಿ ಬುರಬುರನೆ ಏಳುವ ಅನಿಲವೇ ಅದು. ಸುಮಾರು 800 ಮೀಟರಿನ ಕೆಳಗೆ, ಅಲ್ಲಿಯ ಒತ್ತಡ ಕಾವುಗಳಿಗೆ, ಅದು ದ್ರವದಂತೆ ದಟ್ಟವಾಗುತ್ತದೆ. (ಚಾಂಪಿಯನ್ ರೀಫಿನಲ್ಲಿ ನಮ್ಮ ಗಣಿಯವರು ಇಳಿದ ಆಳ ಇದರ ಮೂರು ಪಟ್ಟಿಗಿಂತ ಹೆಚ್ಚು.) ಎಣ್ಣೆಯಲ್ಲಿ ಬೆರೆತು, ಅದನ್ನು ಉಬ್ಬಿಸಿ, ತೆಳುವಾಗಿಸಿ ಕಲ್ಲಿನಿಂದ ಬಿಡಿಸುತ್ತದೆ. ಎಣ್ಣೆಯೊಡನೆ ಮೇಲೆ ಬಂದ ಅನಿಲವನ್ನು ಬೇರ್ಪಡಿಸಿ ಮತ್ತೆ ಕೆಳಕ್ಕೆ ನೂಕುತ್ತಾರೆ. ಒಂದಿಷ್ಟು ಅಲ್ಲೇ ಸಿಕ್ಕಿಕೊಂಡು ಉಳಿಯುತ್ತದೆ.

ಅಮೆರಿಕದ ಟೆಕ್ಸಾಸಿನಲ್ಲಿ ಈ ಕೆಲಸ 1972ರಲ್ಲೇ ದೊಡ್ಡದಾಗಿ ಆರಂಭವಾಯಿತು. ಕೆನಡಾದ ವೇಬರ್ನ್ ಕ್ಷೇತ್ರಕ್ಕೆ 2000ದಲ್ಲಿ, ಅಮೆರಿಕದ ಕಲ್ಲಿದ್ದಲಿನ ಕಾರ್ಖಾನೆಯೊಂದರಿಂದ 300 ಕಿಲೋಮೀಟರಿಗೂ ಉದ್ದದ ಕೊಳವೆಯಲ್ಲಿ ಅನಿಲ ಬಂದಿತು. ನಮ್ಮಲ್ಲಿ 2019ರಲ್ಲಿ ಎರಡು ಸಾರ್ವಜನಿಕ ಸಂಸ್ಥೆಗಳು, ಓ.ಎನ್.ಜಿ.ಸಿ. ಮತ್ತು ಇಂಡಿಯನ್ ಆಯಿಲ್, ಒಪ್ಪಂದ ಮಾಡಿಕೊಂಡವು: ಕೊಯಲಿ ಶುದ್ಧೀಕರಣ ಕಾರ್ಖಾನೆಯ ಅನಿಲವನ್ನು ಗಂಧಾರ್ ಕ್ಷೇತ್ರಕ್ಕೆ ಒಯ್ಯುವುದೆಂದು. ವಿದೇಶೀ ಕಂಪೆನಿಗಳ ಕೈ ನೋಡುತ್ತ ಕೂರಬಾರದೆಂದು ಕೇಶವ ದೇವ ಮಾಳವೀಯರು ಹಠ ಹಿಡಿದು 1956ರಲ್ಲಿ ಕಟ್ಟಿಸಿದ ಆಯೋಗವೇ ಓ.ಎನ್.ಜಿ.ಸಿ.; 1960ರಲ್ಲಿ ಅಂಕಲೇಶ್ವರದಲ್ಲಿ ಎಣ್ಣೆ ಕಂಡದ್ದೂ ಅದೇ. ಹಳೆಯ ಕ್ಷೇತ್ರದಲ್ಲಿ ಉಳಿದುದನ್ನು ತೆಗೆಯುವುದನ್ನು ನಾವು ವಿರೋಧಿಸುವುದಿಲ್ಲ. ಆಮದು ಅಷ್ಟು ತಗ್ಗಿದರೆ ಒಳ್ಳೆಯದೇ.

ಆದರೆ ಇದರಿಂದ ಗಾಳಿಯೆಲ್ಲ ಶುದ್ಧವಾಗುತ್ತದೆಂದು ಡಂಗುರ ಹೊಡೆಯುವವರನ್ನು ನಂಬಬೇಡಿ. ತೆಗೆದ ಎಣ್ಣೆಯನ್ನು ಸುಡಲೇಬೇಕಲ್ಲ. ಒಂದು ಪೀಪಾಯಿ ಸುಟ್ಟರೆ 400 ಕಿಲೋಗೂ ಹೆಚ್ಚು ಇದೇ ಅನಿಲ ಗಾಳಿಗೆ ಸೇರುತ್ತದೆ. ಅಮೆರಿಕದ ಕಂಪೆನಿಗಳು ಬಳಸಿದ ಅನಿಲದ ಹೆಚ್ಚು ಪಾಲು ಹೊಗೆಗೊಳವೆಯಿಂದ ಹಿಡಿದದ್ದೂ ಅಲ್ಲ, ನೆಲದೊಳಗೆ ಸುಮ್ಮನೆ ಇದ್ದುದನ್ನು ಕೊರೆದು ತಂದದ್ದು. ಕಾರ್ಖಾನೆಯಿಂದ ಹಿಡಿದ ಅನಿಲಕ್ಕೆ 2008ರ ಕಾನೂನು ಟನ್ನಿಗೆ ಇಷ್ಟೆಂದು ತೆರಿಗೆ ರಿಯಾಯಿತಿಯನ್ನೂ ಕೊಟ್ಟಿತು. ಎಣ್ಣೆ ಕಂಪೆನಿಗೆ, ರಿಯಾಯಿತಿಯ ಭಾರ ಪ್ರಜೆಗೆ.

ಮಿಸಿಸಿಪಿ ಪ್ರಾಂತದ ಸಟಾರ್ಷಿಯಾ ಎಂಬ ಸಣ್ಣ ಊರಿನ ಬಳಿ, 2020ರ ಫೆಬ್ರವರಿ 22ರಂದು, ಮಳೆಗೆ ಮಣ್ಣು ಜರಿದು ಇಂಥ ಕೊಳವೆಯೊಂದು ಒಡೆಯಿತು. ಈ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಉಸಿರಿಗೆ ಗಾಳಿಯಿಲ್ಲದೆ ಜನ ಕುಸಿದರು, ಮೋಟಾರುಗಳೂ ನಿಂತುಹೋದವು. ಸುಮಾರು 200 ಜನರನ್ನು ಊರು ಬಿಡಿಸಿದರು, 45 ಜನ ಆಸ್ಪತ್ರೆ ಸೇರಿದರು. ಯಾರೂ ಸಾಯದಿದ್ದುದು ಪುಣ್ಯ.

ಕೆ.ಜಿ.ಎಫ್.ನ ಗಣಿಗಳು 2001ರಲ್ಲಿ ಮುಚ್ಚಿದವು. ಚಿನ್ನ ಹೋಯಿತು, ಸೈನೈಡ್ ದಿಬ್ಬಗಳ ಧೂಳು ಕಾರ್ಮಿಕರ ಕೇರಿಗಳಿಗೆ ಉಳಿಯಿತು. ಗಂಧಾರದ ಬಾವಿಗಳು ಬರಿದಾದ ಮೇಲೆ ಕೆಳಗೆ ತುಂಬಿದ ಅನಿಲವನ್ನು ಕಾಯುವವರು ಯಾರು, ಎಷ್ಟು ವರ್ಷ, ಯಾರ ಖರ್ಚಿನಲ್ಲಿ? ಕೊಳವೆ ಯಾವ ಹಳ್ಳಿಗಳ ಹೊಲಗಳಲ್ಲಿ ಹಾಯುತ್ತದೆ, ಒಡೆದ ರಾತ್ರಿ ಅಲ್ಲಿಯವರನ್ನು ಎಬ್ಬಿಸುವವರು ಯಾರು? ಕೊಳವೆ ಹೂಳುವ ಮೊದಲೇ ಇದು ಕಾಗದದ ಮೇಲೆ, ಆ ಹಳ್ಳಿಯವರಿಗೆ ತಿಳಿಯುವ ಭಾಷೆಯಲ್ಲಿ, ಬರೆಯಲ್ಪಡಬೇಕೆಂದು ನಾವು ಕೇಳುತ್ತೇವೆ.