ಸುತ್ತುದಾರಿ



ನಾನು ವೇದಾಂತ ಬಲ್ಲವನಲ್ಲ, ಬ್ಯಾಂಕಿನ ಗುಮಾಸ್ತೆ. ಈ ಹೊತ್ತು ಹೇಳಹೊರಟಿರುವುದು ನಡೆಯುವ ವಿಷಯ. ಅದೂ ಎಲ್ಲಿಗೂ ಹೋಗದೆ ನಡೆಯುವುದು!

ಫ್ರಾನ್ಸಿನ ಶಾರ್ತ್ರ್ ಎಂಬ ಊರಿನ ದೊಡ್ಡ ಇಗರ್ಜಿಯ ನೆಲಗಟ್ಟಿನಲ್ಲಿ ೧೩ನೆಯ ಶತಮಾನದಲ್ಲಿ ಕಲ್ಲಿನಿಂದ ಹಾಸಿದ ಸುತ್ತುದಾರಿಯೊಂದಿದೆ. ಲ್ಯಾಬಿರಿಂತ್ ಎಂದು ಅದರ ಹೆಸರು. ಅಡ್ಡಳತೆ ಸುಮಾರು ೧೩ ಮೀಟರು. ಅದರೊಳಗೆ ೧೧ ಸುತ್ತಾಗಿ ಮಡಿಸಿಟ್ಟ ದಾರಿಯ ಉದ್ದವೋ ಸುಮಾರು ೨೬೦ ಮೀಟರು. ದಾರಿ ತಪ್ಪಿಸುವ ಒಗಟು ಅದಲ್ಲ. ಕವಲಿಲ್ಲ. ನಡೆಯುತ್ತ ಹೋದರೆ ನಡುವಿಗೆ ಬರಲೇಬೇಕು; ಬಂದ ದಾರಿಯಲ್ಲೇ ಹೊರಬೀಳಬೇಕು.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯ ಮೇಲೆ ಚಕ್ರವ್ಯೂಹವನ್ನು ಸುತ್ತುಸುತ್ತಾಗಿ ಕೆತ್ತಿರುವುದನ್ನು ತಮ್ಮಲ್ಲಿ ಹಲವರು ನೋಡಿರಬಹುದು. ಪಾಪ, ಅಭಿಮನ್ಯುವಿಗೆ ಒಳಹೊಗಲು ಮಾತ್ರ ತಿಳಿದಿತ್ತು. ಹೋದ ವರ್ಷ ನನ್ನ ಪಾಡೂ ಅದೇ ಆಗಿತ್ತು.

ಊರಿನಲ್ಲಿ ತಂದೆಯವರಿಗೆ ಮೈ ಸರಿಯಿರಲಿಲ್ಲ. "ಮಾರ್ಚಿ ಲೆಕ್ಕ ಮುಗಿಸಿ ಬರುತ್ತೇನೆ" ಎಂದು ಫೋನಿನಲ್ಲಿ ಹೇಳಿದೆ. ಮಾರ್ಚಿ ಮುಗಿಯುವ ಮೊದಲೇ ಅವರು ಹೊರಟುಹೋದರು. ಮಲಗಿದರೆ ನಾನಾಡಿದ ಆ ಮಾತೇ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು.

ನನ್ನವಳು ಯಾವುದೋ ಪುಸ್ತಕ ನೋಡಿ ತಾರಸಿಯ ಮೇಲೆ ರಂಗೋಲಿ ಹಿಟ್ಟಿನಲ್ಲಿ ಸುತ್ತುದಾರಿ ಬರೆದಳು. ಶಾರ್ತ್ರಿನದಲ್ಲ, ಅದಕ್ಕಿಂತ ಪುರಾತನವಾದ ಏಳು ಸುತ್ತಿನದು. ನಡುವೆ ಕೂಡುವ ಗುರುತು, ಅದರ ನಾಲ್ಕು ಮೂಲೆಗೂ ಒಂದೊಂದು ಕೋನ, ಒಂದೊಂದು ಚುಕ್ಕಿ. ತುದಿಗಳನ್ನು ಕ್ರಮವಾಗಿ ಕಮಾನಿನಂತೆ ಕೂಡಿಸುತ್ತ ಹೋದರಾಯಿತು.

ಈ ದಾರಿಯ ನಡೆ ವಿಚಿತ್ರ. ಹೊರಗಿನಿಂದ ಎಣಿಸಿದರೆ ಮೊದಲು ಕಾಲಿಡುವುದು ಮೂರನೆಯ ಸುತ್ತಿಗೆ. ಅಲ್ಲಿಂದ ಎರಡು, ಒಂದು ಎಂದು ಹೊರಕ್ಕೇ ಹೋಗುತ್ತೇವೆ. ಆಮೇಲೆ ನಾಲ್ಕು, ನಾಲ್ಕರಿಂದ ಏಳು. ಏಳನೆಯದು ನಡುವಿಗೆ ಒತ್ತಿಕೊಂಡೇ ಇದೆ. ಇನ್ನೇನು ಬಂದೆವು ಎನ್ನುವಷ್ಟರಲ್ಲಿ ದಾರಿ ನಮ್ಮನ್ನು ಆರಕ್ಕೆ, ಐದಕ್ಕೆ ನೂಕುತ್ತದೆ. ದೂರವಾಯಿತೆಂದುಕೊಂಡ ಆ ಐದರಿಂದಲೇ ನೇರವಾಗಿ ನಡುವಿಗೆ! ಮೊದಲ ದಿನ ನನಗೆ ಸಿಟ್ಟೇ ಬಂತು. ಆದರೆ ದಿನವೆಲ್ಲ ಕೌಂಟರಿನಲ್ಲಿ ತಪ್ಪು ಹುಡುಕುವವನಿಗೆ, ತಪ್ಪಲು ಬಾರದ ದಾರಿಯೊಂದು ಕಾಲ ಕೆಳಗೆ ಸಿಕ್ಕಿತ್ತು. ದಿನವೂ ನಡೆದೆ.

ದುಃಖ ಹೋಯಿತೆಂದು ಹೇಳಲಾರೆ. ಒಂದು ರಾತ್ರಿ ನಡುವೆ ನಿಂತಿದ್ದಾಗ ತಂದೆಯವರು ಅಂದು ಕೊಟ್ಟ ಉತ್ತರ ನೆನಪಾಯಿತು: "ಆಗಲಪ್ಪ, ಮುಗಿಸಿಕೊಂಡೇ ಬಾ." ಅಷ್ಟು ದಿನವೂ ನನಗೆ ನನ್ನ ಮಾತು ಮಾತ್ರ ಕೇಳಿಸುತ್ತಿತ್ತು. ಬಂದ ದಾರಿಯಲ್ಲೇ ಮೆಲ್ಲನೆ ಹಿಂದಿರುಗಿ ಕೆಳಗಿಳಿದೆ.

ಮಳೆಗೆ ಹಿಟ್ಟು ತೊಳೆದುಹೋದಾಗಲೆಲ್ಲ ಮತ್ತೆ ಬರೆಯುತ್ತೇವೆ. ಈಗ ಚುಕ್ಕಿಯಿಡುವವಳು ಮಗಳು. ಅಧ್ಯಕ್ಷರು ಅಪ್ಪಣೆ ಕೊಟ್ಟರೆ ಭಾನುವಾರ ಸಂಘದ ಅಂಗಳದಲ್ಲೂ ಬರೆಯುತ್ತೇವೆ. ೧೬ ಅಡಿ ಜಾಗ ಸಾಕು. ಚಪ್ಪಲಿ ಬಿಟ್ಟು ಬನ್ನಿ.